ಅರಳಿಕಟ್ಟೆಯ ನಾಗರಕಲ್ಲು

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಎದ್ದಿರುವುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಅಲ್ಲಿ 332 ಎಕರೆಯಲ್ಲಿ ಕೆಲಸ ಶುರುಮಾಡಿದಾಗ ರಾಗಿಹೊಲಗಳ ಕಾಲ ಮುಗಿಯುತ್ತಾ ಬಂತು. ಹೊಲ ಹೋದರೂ ಅರಳಿಕಟ್ಟೆಗಳು ಎಷ್ಟೋ ಕಡೆ ಉಳಿದುಕೊಂಡವು. ವೈಟ್‌ಫೀಲ್ಡ್ ಸುತ್ತಿನ ಹಳ್ಳಿಗಳಲ್ಲೂ ಪೀಣ್ಯದ ಕಡೆಯೂ ಹೀಗೆಯೇ: ಮದುವೆ ಮಾಡಿಸಿದ ಅರಳಿ ಬೇವು, ಬುಡದಲ್ಲಿ ಅರಿಶಿನ ಕುಂಕುಮ ಮೆತ್ತಿದ ನಾಗರಕಲ್ಲುಗಳು. ನಾವೆಲ್ಲ ಅವಕ್ಕೆ ಕೈಮುಗಿದು ಬೆಳೆದವರು. ಅವುಗಳನ್ನು ಚಿತ್ರಗಳಾಗಿ ನಿಂತು ನೋಡಿದವರು ಕಡಿಮೆ.

ನೋಡಿದರೆ ಎಷ್ಟು ಬಗೆ! ಒಂಟಿ ಹೆಡೆ, ಐದು ಹೆಡೆ, ಏಳು ಹೆಡೆ. ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವಾಗಿ ಸುತ್ತಿಕೊಂಡ ನಾಗಿಣಿ. ನನಗೆ ಎಲ್ಲಕ್ಕಿಂತ ಇಷ್ಟ, ಎರಡು ಹಾವುಗಳು ಬಾಲದಿಂದ ಕೊರಳಿನವರೆಗೆ ಹೆಣೆದುಕೊಂಡು ಎದುರುಬದುರು ಹೆಡೆಯೆತ್ತಿದ ಕಲ್ಲು; ಸುರುಳಿಗಳ ನಡುವಿನ ಜಾಗದಲ್ಲಿ ಪುಟ್ಟದೊಂದು ಲಿಂಗ. ಈ ಹೆಣಿಗೆ ಬರೀ ಕಲ್ಪನೆಯಲ್ಲ. ಹೊಲದ ಬದುವಿನಲ್ಲಿ ಹಾವುಗಳು ಹೀಗೆ ಮೈ ಹೊಸೆದುಕೊಂಡು ಏಳುವುದನ್ನು ರೈತರು ಕಂಡಿದ್ದಾರೆ. ಜನ ಅದನ್ನು ಸರಸವೆಂದುಕೊಂಡರು. ಹಾವುಗಳನ್ನು ಬಲ್ಲವರು ಹೇಳುವಂತೆ ಅದು ಎಷ್ಟೋ ಸಲ ಎರಡು ಗಂಡು ಕೇರೆಹಾವುಗಳ ಸೆಣಸಾಟ. ಶಿಲ್ಪಿ ಮಾತ್ರ ಜನರ ನಂಬಿಕೆಯನ್ನೇ ಕಡೆದ. ಮಕ್ಕಳಿಗಾಗಿ ಹರಕೆ ಹೊತ್ತವರು ನಿಲ್ಲಿಸುವ ಕಲ್ಲಿಗೆ ಅದೇ ಒಪ್ಪುತ್ತಿತ್ತು. ಕಡೆದ ಕಲ್ಲನ್ನು ಕೆಲಕಾಲ ನೀರಿನಲ್ಲಿರಿಸಿ, ಆಮೇಲೆ ಮರದ ಬುಡದಲ್ಲಿ ಪ್ರತಿಷ್ಠೆ ಮಾಡುತ್ತಾರೆ. ಶ್ರಾವಣದಲ್ಲಿ ಹೆಂಗಸರು ಬಂದು ತನಿ ಎರೆಯುತ್ತಾರೆ.

ಈ ಚಿತ್ರದ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಸಾತಕರ್ಣಿ ಎಂಬ ಹೆಸರಿನ ಅರಸನೊಬ್ಬನ ಆಳ್ವಿಕೆಯಲ್ಲಿ ರಾಜಕುಮಾರಿ ನಾಗಶ್ರೀ ಅದನ್ನು ಕೆರೆ ಮತ್ತು ವಿಹಾರದ ಜೊತೆ ದಾನವಾಗಿ ಕೊಟ್ಟಳೆಂದು ಅದರ ಪ್ರಾಕೃತ ಶಾಸನ ಹೇಳುತ್ತದೆ. ಕಡೆದವನ ಹೆಸರೂ ಅಲ್ಲಿದೆ: ನಟಕ. ಬಾದಾಮಿಯ ಮೊದಲನೇ ಗುಹೆಯ ಛಾವಣಿಯಲ್ಲಿ, ಆರನೇ ಶತಮಾನದ ಹೊತ್ತಿಗೆ, ನಾಗರಾಜ ಸುರುಳಿ ಸುತ್ತಿ ಕೂತಿದ್ದಾನೆ. ನಮ್ಮ ಕಟ್ಟೆಯ ಕಲ್ಲುಗಳಿಗೆ ರಾಜಕುಮಾರಿಯೂ ಇಲ್ಲ, ಶಾಸನವೂ ಇಲ್ಲ. ಹರಕೆ ಹೊತ್ತವರ ಹೆಸರು ಆ ಮನೆಯವರ ನೆನಪಿನಲ್ಲಿ ಉಳಿದರೆ ಉಳಿಯಿತು. ಹಾಗೆಂದು ವಿದ್ವಾಂಸರು ಈ ಪೂಜೆಯನ್ನು ಕಡೆಗಣಿಸಲಿಲ್ಲ: ಜೇಮ್ಸ್ ಫರ್ಗ್ಯುಸನ್ 1868ರಲ್ಲಿ, ಡಚ್ ವಿದ್ವಾಂಸ ಫೋಗೆಲ್ 1926ರಲ್ಲಿ ಭಾರತದ ನಾಗಪೂಜೆಯ ಬಗ್ಗೆ ದೊಡ್ಡ ಪುಸ್ತಕಗಳನ್ನೇ ಬರೆದರು.

ಕಲ್ಲು ಹೇಳದೆ ಬಿಟ್ಟದ್ದನ್ನು ಅಜ್ಜಿಕಥೆ ಹೇಳಿತು. ಗಂಡನ ಒಲವು ಕಾಣದ ಹೆಣ್ಣೊಬ್ಬಳು ಮದ್ದು ಬೆರೆಸಿದ ಸಾರನ್ನು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ಅವಳಿಗೆ ಮನಸೋತು, ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ. ಎ.ಕೆ. ರಾಮಾನುಜನ್ ಹೇಳಿದ ಇಂಥ ಕಥೆಗಳಿಂದಲೇ ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕ ಹುಟ್ಟಿತು, 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದರು. ಹೆಡೆಯ ನೆರಳಲ್ಲಿ ನಿಂತ ಹೆಣ್ಣು ಕಲ್ಲಿನಲ್ಲೂ ಇದ್ದಾಳೆ, ಕಥೆಯಲ್ಲೂ ಇದ್ದಾಳೆ. ಭಯ, ಬಯಕೆ ಎರಡನ್ನೂ ಒಂದೇ ಆಕಾರದಲ್ಲಿ ಹಿಡಿದ ಈ ಕಲೆಯನ್ನು ನಾನು ದೊಡ್ಡ ಕಲೆಯೆಂದೇ ಕರೆಯುತ್ತೇನೆ.

ಕಟ್ಟೆ ಉಳಿದಲ್ಲೂ ಒಂದು ಕಳವಳವಿದೆ. ಭಕ್ತಿಯಿಂದಲೇ ಕಲ್ಲಿಗೆ ಆಯಿಲ್ ಪೇಂಟ್ ಬಳಿಯುತ್ತಾರೆ, ಬುಡಕ್ಕೆ ಟೈಲ್ಸ್ ಹಾಕುತ್ತಾರೆ. ಉಳಿಯ ನಯವೆಲ್ಲ ಬಣ್ಣದಡಿ ಮುಚ್ಚಿಹೋಗುತ್ತದೆ, ಮರದ ಬೇರಿಗೆ ಮಳೆನೀರು ಇಳಿಯುವುದಿಲ್ಲ. ಊರಿನ ಕಟ್ಟೆಯ ಜೀರ್ಣೋದ್ಧಾರಕ್ಕೆ ಹಣ ಕಳಿಸುವವರು ಈ ಎರಡನ್ನು ಬೇಡವೆನ್ನಬೇಕೆಂದು ಕೇಳಿಕೊಳ್ಳುತ್ತೇನೆ. ಹೊಸ ಕಲ್ಲು ಬೇಕಾದರೆ ವೈಟ್‌ಫೀಲ್ಡ್‌ನಿಂದ ಪೂರ್ವಕ್ಕೆ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣವಿದೆ. ಅಲ್ಲಿನ ಶಿಲ್ಪಿಗಳು ಇಂದಿಗೂ ಕಲ್ಲು ಕಡೆಯುತ್ತಾರೆ. ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಉಳಿ ಹಿಡಿದವರೊಡನೆ ಅವರೇ ಮಾತಾಡಲಿ.