ದ್ರಾಕ್ಷಾರಸದ ಹಳಿ, ಸೈಕಲ್ಲಿನ ದಾರಿ

ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯಲ್ಲಿ ಜಿವ್ರಿ ಎಂಬ ಊರಿನಿಂದ ಕ್ಲೂನಿ ಎಂಬ ಊರಿಗೆ 44 ಕಿಲೋಮೀಟರ್ ಉದ್ದದ ಒಂದು ದಾರಿ ಇದೆ. ಡಾಂಬರು ಹಾಕಿದ ಸಣ್ಣ ದಾರಿ. ಅದರ ಮೇಲೆ ಕಾರು, ಲಾರಿ, ಮೋಟರ್ ಸೈಕಲ್ಲು ಬರುವ ಹಾಗಿಲ್ಲ. ಸೈಕಲ್ಲಿನವರು, ನಡೆದು ಹೋಗುವವರು, ಕೂಸಿನ ಗಾಡಿ ತಳ್ಳುವ ತಾಯಂದಿರು ಮಾತ್ರ. ಫ್ರಾನ್ಸಿನಲ್ಲಿ ಇಂಥ ದಾರಿಗೆ ವ್ವಾ ವೆರ್ತ್ ಅಂತಾರೆ, ಅಂದ್ರೆ ಹಸಿರು ದಾರಿ. 1997ರಲ್ಲಿ ತೆರೆದ ಇದು ಆ ದೇಶದ ಮೊದಲನೆಯ ಹಸಿರು ದಾರಿ.

ಮಗ ಲಿಯೋನ್ ಪಟ್ಟಣದಲ್ಲಿ ನೌಕರಿ ಮಾಡುತ್ತಾನೆ. ಎರಡು ವರ್ಷದ ಹಿಂದೆ ಮಾರ್ಚ್ ಮೊದಲ ವಾರ ಸೈಕಲ್ಲುಗಳನ್ನು ರೈಲಿನಲ್ಲಿಟ್ಟುಕೊಂಡು ನಾವಿಬ್ಬರೂ ಆ ಕಡೆ ಹೋಗಿದ್ದೆವು. ಜತ್ತ ತಾಲೂಕಿನ ದ್ರಾಕ್ಷಿ ಬಾಗಗಳ ನಡುವೆ ಬೆಳೆದವನು ನಾನು; ದ್ರಾಕ್ಷಿ ಬೆಳೆಯುವ ಇನ್ನೊಂದು ಸೀಮೆ ನೋಡುವ ಆಸೆ ಇತ್ತು. ಆದರೆ ಅಲ್ಲಿ ಹೋದ ಮೇಲೆ ಬಾಗಕ್ಕಿಂತ ದಾರಿಯೇ ಹೆಚ್ಚು ತಲೆ ತಿಂದಿತು. ನಲವತ್ತು ವರ್ಷ ಇತಿಹಾಸ ಕಲಿಸಿದ ಚಟ. ಇಷ್ಟು ಬೆಲೆಬಾಳುವ ಭೂಮಿಯ ನಡುವೆ ಇಷ್ಟು ಉದ್ದದ ಪಟ್ಟಿಯನ್ನು ಸೈಕಲ್ಲಿನವರಿಗಾಗಿ ಯಾರು ಬಿಟ್ಟುಕೊಟ್ಟರು? ಬಂದ ಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಸೈಕಲ್ಲಿನವರಿಗಾಗಿ ಯಾರೂ ಬಿಡಲಿಲ್ಲ. ವೈನ್ ಸಾಗಿಸಲಿಕ್ಕೆ ಮಾಡಿದ ದಾರಿಗಳು ಒಂದಾದ ಮೇಲೊಂದು ಸೋತು ಬಿದ್ದವು. ಬಿದ್ದದ್ದನ್ನು ಸೈಕಲ್ಲು ಎತ್ತಿಕೊಂಡಿತು.

ವೈನ್ ಬಹಳ ಭಾರದ ಸರಕು. ಬರ್ಗಂಡಿಯ ಒಂದು ಪೀಪಾಯಿಗೆ 228 ಲೀಟರ್ ಹಿಡಿಯುತ್ತದೆ; ಮರದ ತೂಕವೂ ಸೇರಿದರೆ ಕಾಲು ಟನ್ನಿಗಿಂತ ಮೇಲೆ. ಕೆಸರಿನ ದಾರಿಯಲ್ಲಿ ಬಂಡಿಯ ಮೇಲೆ ಅಂಥ ನಾಲ್ಕು ಹೇರಿಕೊಂಡು ಪ್ಯಾರಿಸ್ಸಿಗೆ ಹೋಗುವುದು ಎತ್ತಿಗೂ ಕಷ್ಟ, ಕುದುರೆಗೂ ಕಷ್ಟ. ಅದಕ್ಕೇ ಮೊದಲು ನೀರಿನ ದಾರಿ ಬಂತು. 18ನೇ ಶತಮಾನದ ಕೊನೆಗೆ ಎಮಿಲಾಂ ಗೋತೆ ಎಂಬ ಎಂಜಿನಿಯರು ಶಾಲೋನ್ ಊರಿನಿಂದ ದಿಗ್ವಾನ್ ಊರಿನವರೆಗೆ ಕಾಲುವೆ ಕಟ್ಟಿಸಿ ಸೋನ್ ನದಿಯನ್ನೂ ಲ್ವಾರ್ ನದಿಯನ್ನೂ ಕೂಡಿಸಿದನು. 1832ರಲ್ಲಿ ಬರ್ಗಂಡಿ ಕಾಲುವೆ ತೆರೆಯಿತು: 242 ಕಿಲೋಮೀಟರ್ ಉದ್ದ, ದೋಣಿಯನ್ನು ಮೆಟ್ಟಿಲು ಹತ್ತಿಸಿದ ಹಾಗೆ ನೀರಿನ ಮಟ್ಟದಿಂದ ಮಟ್ಟಕ್ಕೆ ಏರಿಸಿ ಇಳಿಸುವ 189 ಲಾಕ್‌ಗಳು. ಇವು ನಮ್ಮ ಕಡೆಯ ಹಾಗೆ ಹೊಲಕ್ಕೆ ನೀರುಣಿಸುವ ಕಾಲುವೆಗಳಲ್ಲ, ದೋಣಿಗಾಗಿ ತೋಡಿದವು.

ಆ ದೋಣಿಗಳಿಗೆ ಎಂಜಿನ್ ಇರಲಿಲ್ಲ. ದಂಡೆಯ ಮೇಲೆ ಕುದುರೆ ಅಥವಾ ಹೇಸರಗತ್ತೆ ಹಗ್ಗ ಕಟ್ಟಿಕೊಂಡು ಎಳೆಯುತ್ತಿತ್ತು. ಕುದುರೆ ಸಾಕುವಷ್ಟು ಶಕ್ತಿ ಇಲ್ಲದವರ ಮನೆಯಲ್ಲಿ ಗಂಡ ಹೆಂಡತಿ ಮಕ್ಕಳು ಎದೆಗೆ ಪಟ್ಟಿ ಹಾಕಿಕೊಂಡು ತಾವೇ ಎಳೆಯುತ್ತಿದ್ದರು. ಹಗ್ಗಕ್ಕೆ ಅಡ್ಡ ಬರಬಾರದು ಅಂತ ನೀರಿನ ಅಂಚಿಗೆ ಮರವಿಲ್ಲ, ಬೇಲಿಯಿಲ್ಲ, ಗೋಡೆಯಿಲ್ಲ. ಉದ್ದಕ್ಕೂ ಸಪಾಟು ದಾರಿ. ಇವತ್ತು ಆ ದಂಡೆಗಳ ಮೇಲೆ ಸೈಕಲ್ ಹೊಡೆಯುವ ಮಂದಿ ಎಷ್ಟು ಆರಾಮ ಅಂತ ಹಿಗ್ಗುತ್ತಾರಲ್ಲ, ಆ ಸಪಾಟು ಬಂದದ್ದು ಎದೆಪಟ್ಟಿಯವರ ಸಲುವಾಗಿ.

ಕಾಲುವೆಯನ್ನು ರೈಲು ಹೊಡೆಯಿತು. 1851ರಲ್ಲಿ ಪ್ಯಾರಿಸ್ಸಿನಿಂದ ಡಿಜೋನ್‌ವರೆಗೆ ರೈಲು ಬಂತು, ಅದೇ ದಶಕದಲ್ಲಿ ಮಾರ್ಸೆಯ್ ಬಂದರಿನವರೆಗೂ ಹಳಿ ಕೂಡಿತು. ಬರ್ಗಂಡಿಯ ರೈತರು ಮೊದಲು ಖುಷಿಪಟ್ಟರು. ಆದರೆ ರೈಲು ಎಲ್ಲರ ಮಾಲನ್ನೂ ಒಯ್ಯುತ್ತದೆ ನೋಡ್ರಿ. ದಕ್ಷಿಣದ ಬಿಸಿಲು ಸೀಮೆಯಲ್ಲಿ ಹೇರಳವಾಗಿ, ಅಗ್ಗವಾಗಿ ಬೆಳೆದ ವೈನ್ ಅದೇ ಹಳಿಯ ಮೇಲೆ ಪ್ಯಾರಿಸ್ಸಿಗೆ ಹೋಗಿ ಸುರಿಯಿತು. ಬರ್ಗಂಡಿಯ ಉತ್ತರ ಭಾಗದಲ್ಲಿ, ಓಸೇರ್, ತೊನೇರ್ ಊರುಗಳ ಸುತ್ತ, ಪ್ಯಾರಿಸ್ಸಿನ ಕೂಲಿಕಾರರಿಗೆ ಸಾದಾ ವೈನ್ ಮಾಡಿ ಬದುಕಿದ್ದ ಬಾಗಗಳು ಬಹುಪಾಲು ಹಾಳುಬಿದ್ದವು. ಒಳ್ಳೆಯ ಹೆಸರು ಮಾಡಿದ ಗುಡ್ಡದಂಚಿನ ಬಾಗಗಳು ಉಳಿದವು. ಹೆಸರಿಲ್ಲದವನನ್ನೇ ಪೇಟೆ ಮೊದಲು ನುಂಗುತ್ತದೆ.

1879ರಲ್ಲಿ ಮಂತ್ರಿ ಫ್ರೆಸಿನೆ ಸಣ್ಣ ಊರುಗಳಿಗೂ ರೈಲು ಮುಟ್ಟಿಸುವ ದೊಡ್ಡ ಯೋಜನೆ ಹಾಕಿದ. ಆ ಕಾಲದಲ್ಲಿ ದೇಶದ ತುಂಬ ಹಳ್ಳಿ ರೈಲುಗಳು ಹುಟ್ಟಿದವು. ಶಾಲೋನ್‌ನಿಂದ ಜಿವ್ರಿ, ಬುಕ್ಸಿ, ಕ್ಲೂನಿ ಹಾಯ್ದು ಮಾಕೋನ್‌ಗೆ ಹೋಗುವ ಹಳಿಯೂ ಅಂಥ ಸಣ್ಣ ರೈಲಿನದೇ. ಉಗಿಯ ಎಂಜಿನ್ನಿಗೆ ಏರು ಆಗದು. ಅದಕ್ಕೆ ದಿಬ್ಬ ಕಡಿದರು, ತಗ್ಗಿಗೆ ಮಣ್ಣು ಹಾಕಿದರು, ಗುಡ್ಡ ಕೊರೆದರು. ಅರವತ್ತೈದು ದಾಟಿದ ನನ್ನಂಥವನು ಒಂದು ಸಾರಿಯೂ ಇಳಿದು ತಳ್ಳದೆ ಕ್ಲೂನಿ ಮುಟ್ಟಿದೆ ಅಂದ್ರೆ ಆ ಪುಣ್ಯ ಉಗಿಯ ಎಂಜಿನ್ನಿಗೆ ಸೇರಬೇಕು.

ನಮ್ಮ ಓದುಗರಲ್ಲಿ ಬಾಗದವರೇ ಹೆಚ್ಚು, ಹಂಗಾಗಿ ಈಗ ರೋಗದ ಮಾತನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. 1860ರ ದಶಕದಲ್ಲಿ ಅಮೆರಿಕದಿಂದ ತಂದ ದ್ರಾಕ್ಷಿ ಗಿಡಗಳ ಜೊತೆ ಫಿಲಾಕ್ಸೆರಾ ಎಂಬ ಹೇನಿನಂಥ ಹುಳ ಫ್ರಾನ್ಸಿಗೆ ಬಂತು. ಬೇರು ಹೀರಿ ಗಿಡ ಕೊಲ್ಲುವ ಹುಳ. 1868ರಲ್ಲಿ ಪ್ಲಾಂಶೋ ಎಂಬ ವಿಜ್ಞಾನಿ ಮತ್ತು ಅವನ ಜೊತೆಯವರು ಬೇರಿನಲ್ಲಿ ಇದನ್ನು ಕಂಡುಹಿಡಿದರು. 1878ರಲ್ಲಿ ಅದು ಬರ್ಗಂಡಿಯ ಮೆರ್ಸೋ ಊರಿನಲ್ಲಿ ಕಾಣಿಸಿತು. ಅಮೆರಿಕದ ಕಾಡುದ್ರಾಕ್ಷಿಯ ಬೇರು ಈ ಹುಳವನ್ನು ತಡೆಯುತ್ತದೆ, ಆದ್ದರಿಂದ ಆ ಬೇರಿಗೆ ಫ್ರಾನ್ಸಿನ ಟೊಂಗೆ ಕಸಿ ಕಟ್ಟಿದರೆ ಬಾಗ ಉಳಿಯುತ್ತದೆ ಎಂದು ತಿಳಿದವರು ಹೇಳಿದರು. ರೈತರಿಗೆ, ಅದರಲ್ಲೂ ದೊಡ್ಡ ಹೆಸರಿನವರಿಗೆ, ಮನಸ್ಸು ಒಪ್ಪಲಿಲ್ಲ. ಅಪ್ಪ ಅಜ್ಜರ ಗಿಡಕ್ಕೆ ಪರದೇಶದ ಕಾಡುಬೇರೇ? ಹುಳ ತಂದ ಗಿಡವನ್ನೇ ಮತ್ತೆ ತರುವುದೇ? ಬೋನ್ ಸೀಮೆಯಲ್ಲಿ 1887ರವರೆಗೆ ಅಮೆರಿಕದ ಗಿಡಕ್ಕೆ ಅನುಮತಿಯೇ ಇರಲಿಲ್ಲ. ಕೊನೆಗೆ ಎಲ್ಲರೂ ಕಸಿಗೇ ಬಂದರು.

ನಾವು ಇಲ್ಲಿ ಡಾಗ್‌ರಿಜ್ ಬೇರಿಗೆ ಥಾಮ್ಸನ್ ಕಟ್ಟುತ್ತೇವಲ್ಲ, ಆ ಡಾಗ್‌ರಿಜ್ಜೂ ಅಮೆರಿಕದ ಕಾಡುದ್ರಾಕ್ಷಿಯ ಕುಲದ್ದೇ. ನಮಗೆ ಅದು ಬೇಕಾದದ್ದು ಹುಳಕ್ಕಲ್ಲ, ಉಪ್ಪು ನೀರಿಗೆ ಮತ್ತು ಬರಕ್ಕೆ. ಆದರೆ ಕಾಡುಬೇರಿನ ಮೇಲೆ ನಾಡಟೊಂಗೆ ಕೂಡಿಸಿ ಇಡೀ ಸೀಮೆಯನ್ನು ಉಳಿಸಬಹುದು ಎಂಬ ಪಾಠವನ್ನು ಜಗತ್ತು ಕಲಿತದ್ದು ಆ ಸಂಕಟದಲ್ಲಿ.

ಇನ್ನೊಂದು ವಿಷಯ. ಹುಳ ಬರುವ ಮೊದಲು ಬರ್ಗಂಡಿಯಲ್ಲಿ ಸಾಲು ಇರಲಿಲ್ಲ. ಬಳ್ಳಿಯನ್ನು ಬಗ್ಗಿಸಿ ಮಣ್ಣಲ್ಲಿ ಹುಗಿದು ಹೊಸ ಗಿಡ ಮಾಡುತ್ತಿದ್ದರು, ಜಾತ್ರೆಯ ಮಂದಿಯ ಹಾಗೆ ಗಿಡ ಒತ್ತೊತ್ತಾಗಿ ನಿಂತಿರುತ್ತಿದ್ದವು. ಕಸಿ ಗಿಡ ಬಂದ ಮೇಲೆ ಹಾಗೆ ಹುಗಿಯುವಂತಿಲ್ಲ. ನಡುವೆ ಕುದುರೆಯ ನೇಗಿಲು ಹೋಗಲಿ ಅಂತ ಸಾಲು ಹಿಡಿದು ನೆಟ್ಟರು. ಸೈಕಲ್ಲಿನವರು ನಿಂತು ಫೋಟೋ ಹಿಡಿಯುವ ಆ ನೆಟ್ಟಗಿನ ಸಾಲುಗಳು ಸೋತ ಮೇಲೆ ಹಾಕಿದ ಸಾಲುಗಳು. ನಾವು ಹೋದಾಗ ಚಾಟಣಿ ನಡೆದಿತ್ತು. ಕತ್ತರಿಸಿದ ಕಡ್ಡಿಯನ್ನು ಒಂಟಿಗಾಲಿಯ ತಗಡಿನ ಗಾಡಿಯಲ್ಲಿ ಹಾಕಿ ಅಲ್ಲೇ ಸುಡುತ್ತಾ, ಅದನ್ನೇ ತಳ್ಳಿಕೊಂಡು ಮುಂದಿನ ಗಿಡಕ್ಕೆ ಹೋಗುತ್ತಾರೆ. ಚಳಿಗೆ ಕೈ ಕಾಯಿಸಿಕೊಂಡ ಹಾಗೂ ಆಯಿತು.

ಇನ್ನು ಸೈಕಲ್ಲಿನ ಕಥೆ. ಸೈಕಲ್ ಮೇಲೆ ಊರು ತಿರುಗುವುದಕ್ಕೆ ಫ್ರಾನ್ಸಿನಲ್ಲಿ ಗುರು ಎನಿಸಿದವನು ಪೋಲ್ ದ ವಿವಿ. 1853ರಲ್ಲಿ ಹುಟ್ಟಿದ, ರೇಷ್ಮೆ ವ್ಯಾಪಾರ ಬಿಟ್ಟು ಸಾಂ-ಎತಿಯೆನ್ ಊರಿನಲ್ಲಿ ಸೈಕಲ್ಲಿನ ವ್ಯಾಪಾರ ಹಿಡಿದ, 1887ರಲ್ಲಿ ಅದಕ್ಕಾಗಿಯೇ ಒಂದು ಪತ್ರಿಕೆ ಹೊರಡಿಸಿದ. ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಗುಡ್ಡ ಹತ್ತಲು ಗೇರು ಬೇಕು ಅಂತ ಹಟ ಹಿಡಿದು ಸಾಧಿಸಿದವರಲ್ಲಿ ಅವನು ಮುಖ್ಯ. ಸಸ್ಯಾಹಾರಿ. ಸೈಕಲ್ಲಿನವರಿಗೆ ಏಳು ನಿಯಮ ಹಾಕಿಕೊಟ್ಟಿದ್ದ. ದಾರಿಯಲ್ಲಿರುವಾಗ ಮಾಂಸ, ತಂಬಾಕು, ವೈನ್ ಬಿಡಬೇಕು ಎಂಬುದು ಅದರಲ್ಲೊಂದು. ವೈನ್ ದೇಶದಲ್ಲಿ ಹುಟ್ಟಿ ಇದನ್ನು ಹೇಳಲಿಕ್ಕೆ ಎದೆ ಬೇಕು. (ನಾನು ಆ ನಿಯಮ ಪಾಲಿಸಿದೆ. ಮಗನ ಬಗ್ಗೆ ಹೇಳುವುದಿಲ್ಲ.)

ವೆಲೋಸಿಯೋ ಸತ್ತದ್ದು 1930ರಲ್ಲಿ, ತನ್ನ ಊರಿನ ಬೀದಿಯಲ್ಲೇ. ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದು ರಸ್ತೆ ದಾಟುತ್ತಿದ್ದ. ಕಾರೊಂದು ಬಂತೆಂದು ಹಿಂದೆ ಸರಿದ, ಆ ಕಡೆಯಿಂದ ಬಂದ ಟ್ರಾಮ್ ಬಡಿಯಿತು. ಹೊರೆಹೊರೆ ದಾರಿ ತುಳಿದ ಮನುಷ್ಯನಿಗೆ ಎರಡು ವಾಹನಗಳ ನಡುವೆ ನಿಲ್ಲಲಿಕ್ಕೆ ಜಾಗ ಸಿಗಲಿಲ್ಲ.

ಆಮೇಲಿನದು ಬೇಗ ಹೇಳಬಹುದು. 1936ರಲ್ಲಿ ಲೆಯೋ ಬ್ಲೂಮ್ ಅವರ ಸರ್ಕಾರ ಕೂಲಿಕಾರರಿಗೆ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಕೊಟ್ಟಿತು. ಗಂಡ ಹೆಂಡತಿ ಜೋಡಿ ಸೈಕಲ್ ಹತ್ತಿ ಜೀವಮಾನದಲ್ಲಿ ಮೊದಲ ಸಲ ದೇಶ ನೋಡಲು ಹೊರಟರು. ಅದೇ ಹೊತ್ತಿಗೆ ಬಸ್ಸು ಲಾರಿಗಳ ಎದುರು ಹಳ್ಳಿ ರೈಲು ಸೋಲುತ್ತಿತ್ತು. 1938ರಿಂದಲೇ ಸಾವಿರಾರು ಕಿಲೋಮೀಟರ್ ಹಳಿಯ ಮೇಲೆ ಪ್ರಯಾಣಿಕರ ರೈಲು ನಿಂತಿತು, ಯುದ್ಧ ಮುಗಿದ ಮೇಲೆ ಇನ್ನಷ್ಟು. ಪೀಪಾಯಿ ಲಾರಿ ಹತ್ತಿತು. 1972ರಲ್ಲಿ ಫ್ರಾನ್ಸಿನ ರಸ್ತೆಗಳ ಮೇಲೆ ಸತ್ತವರು 16 ಸಾವಿರಕ್ಕೂ ಹೆಚ್ಚು. ಅಂಥ ರಸ್ತೆಗೆ ಮಕ್ಕಳನ್ನು ಸೈಕಲ್ ಕೊಟ್ಟು ಯಾರು ಕಳಿಸುತ್ತಾರೆ?

ಹಳಿ ಕಿತ್ತ ಮೇಲೆ ಉಳಿದ ಪಟ್ಟಿಯನ್ನು ಏನು ಮಾಡುವುದು ಎಂಬಲ್ಲಿ ಎಲ್ಲವೂ ನಿಂತಿತ್ತು. ಅಕ್ಕಪಕ್ಕದ ಹೊಲದವರಿಗೆ ತುಂಡು ತುಂಡು ಮಾರಿದ್ದರೆ ಮುಗಿಯಿತು, ಮತ್ತೆ ಕೂಡಿಸುವುದು ಯಾರಿಂದಲೂ ಆಗದು. ಫ್ರಾನ್ಸಿನಲ್ಲಿ ಎಷ್ಟೋ ಕಡೆ ಹಾಗೇ ಆಗಿದೆ. ನಮ್ಮ ಊರಲ್ಲೂ ಬಂಡಿ ಹೋಗುವ ಪಾಣಂದ ದಾರಿಗಳು ನಕಾಶದಲ್ಲಿ ಇಪ್ಪತ್ತು ಮೂವತ್ತು ಅಡಿ ಅಗಲ ಅದಾವ, ಹೊಲಕ್ಕೆ ಹೋಗಿ ನೋಡಿದರೆ ಎರಡು ಕಡೆಯ ಬದು ಒಂದಕ್ಕೊಂದು ಮುತ್ತು ಕೊಡ್ತಾವ. ಸೋನ್-ಎ-ಲ್ವಾರ್ ಜಿಲ್ಲೆಯವರು ಮಾತ್ರ ಜಿವ್ರಿಯಿಂದ ಕ್ಲೂನಿವರೆಗಿನ ಪಟ್ಟಿಯನ್ನು ಅಖಂಡವಾಗಿ ಹಿಡಿದು 1997ರಲ್ಲಿ ದಾರಿ ಮಾಡಿದರು. ಇಂಥ ದಾರಿಗೆ ದೇಶದ ಸಂಚಾರ ಕಾಯಿದೆಯಲ್ಲಿ ಹೆಸರು ಸಿಕ್ಕಿದ್ದು 2004ರಲ್ಲಿ, ಅಂದ್ರೆ ದಾರಿ ಆಗಿ ಏಳು ವರ್ಷಕ್ಕೆ.

ಜಿವ್ರಿ, ಬುಕ್ಸಿ ದಾಟುವವರೆಗೆ ಬಲಗಡೆ ಇಳಿಜಾರಿನ ಮೇಲೆ ಬಾಗ. ಆಮೇಲೆ ಹುಲ್ಲುಗಾವಲು, ಬಿಳಿಯ ಶಾರೊಲೆ ದನಗಳು. ಹಳೆಯ ಸ್ಟೇಷನ್ನುಗಳು ಹಾಗೇ ನಿಂತಿವೆ. ಪ್ಲಾಟ್‌ಫಾರ್ಮ್ ಎತ್ತರಕ್ಕೆ ಕಾಲು ಇಳಿಬಿಟ್ಟು ಕುಳಿತು ನಾವು ಬುತ್ತಿ ಉಂಡೆವು. ಕ್ಲೂನಿಯಲ್ಲಿ 910ರಲ್ಲಿ ಸ್ಥಾಪನೆಯಾದ ಮಠ ಇದೆ. ಒಂದು ಕಾಲಕ್ಕೆ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚು ಅಲ್ಲಿತ್ತು. ಕ್ರಾಂತಿಯ ನಂತರ ಅದನ್ನು ಒಡೆದು ಕಲ್ಲು ಮಾರಿದರು. ಈಗ ಒಂದು ತುಣುಕು ಮಾತ್ರ ಉಳಿದಿದೆ. ಮಠದ ಕಲ್ಲು ಮಾರಿದ ಊರಿಗೇ ಮಾರದ ಹಳಿದಾರಿ ಬಂದು ಸೇರುತ್ತದೆ.

ಹೋಗುವವರಿಗೆ ಒಂದು ಎಚ್ಚರಿಕೆ. ಬೋನ್ ಪಟ್ಟಣದಿಂದ ಪೊಮಾರ್, ವೊಲ್ನೆ, ಮೆರ್ಸೋ ಹಾಯ್ದು ಸಾಂತನೇ ಊರಿಗೆ ಹೋಗುವ ಇನ್ನೊಂದು ದಾರಿ ಬಹಳ ಹೆಸರುವಾಸಿ. ಅದು ಹಳಿದಾರಿಯಲ್ಲ, ಬಾಗದ ಒಳದಾರಿ. ಏರುಂಟು, ಇಳಿಯುಂಟು, ಸಾಲಿನ ಮೇಲೆ ಕಾಲು ಚಾಚಿ ನಡೆಯುವ ಎತ್ತರದ ಟ್ರಾಕ್ಟರುಗಳೂ ಉಂಟು. ಅವು ಬಂದರೆ ಸೈಕಲ್ ಇಳಿದು ಬದಿಗೆ ನಿಲ್ಲಬೇಕು, ದಾರಿ ಅವರದು. ಬೋರ್ದೋ ಕಡೆಯಲ್ಲಿ ಮಾತ್ರ ಮತ್ತೆ ಹಳಿ ಕಿತ್ತ ದಾರಿಯೇ ಸಿಗುತ್ತದೆ. ಸೊವ್‌ತೇರ್ ಊರಿನವರೆಗೆ ಬಾಗಗಳ ನಡುವೆ ಹೋಗುವ ಅದಕ್ಕೆ 1937ರ ಟೂರ್ ದ ಫ್ರಾನ್ಸ್ ಗೆದ್ದ ರೊಜೆ ಲಾಪೆಬಿಯ ಹೆಸರು ಇಟ್ಟಿದ್ದಾರೆ. ಸರಪಳಿ ಸರಿಸುವ ಗೇರು ಇಟ್ಟುಕೊಂಡು ಆ ಪಂದ್ಯ ಗೆದ್ದವರಲ್ಲಿ ಮೊದಲಿಗ ಅವನು. ವೆಲೋಸಿಯೋ ಇದ್ದಿದ್ದರೆ ಹಿಗ್ಗುತ್ತಿದ್ದ.

ಕ್ಲೂನಿಯಿಂದ ಮಾಕೋನ್ ಕಡೆಗೆ ಹೋಗುವಾಗ ಬ್ವಾ ಕ್ಲೇರ್ ಎಂಬ ಗುಡ್ಡದೊಳಗೆ 1.6 ಕಿಲೋಮೀಟರ್ ಉದ್ದದ ಹಳೆಯ ರೈಲು ಸುರಂಗವಿದೆ. ಬೇಸಿಗೆಯಲ್ಲಿ ಒಳಗೆ ದೀಪ ಹಚ್ಚಿ ಸೈಕಲ್ಲಿನವರನ್ನು ಬಿಡುತ್ತಾರೆ. ಚಳಿಗಾಲದಲ್ಲಿ ಅದರೊಳಗೆ ಬಾವಲಿಗಳು ಮಲಗುತ್ತವೆ. ಅವುಗಳ ನಿದ್ದೆ ಕೆಡಬಾರದೆಂದು ಬಾಗಿಲು ಹಾಕುತ್ತಾರೆ. ನಾವು ಹೋದಾಗ ಇನ್ನೂ ತೆರೆದಿರಲಿಲ್ಲ. ಗುಡ್ಡ ಹತ್ತಿಯೇ ಆ ಕಡೆ ಇಳಿದೆವು, ಅಲ್ಲಿ ಮಾತ್ರ ನಾನು ಸೈಕಲ್ ತಳ್ಳಿದೆ.