ತಮಟೆ ಅದೇ, ಸದ್ದು ಹೊಸದು



ನಮ್ಮ ಕೇರಿಗಳ ಹಳೇ ಬ್ಯಾಂಡು ಅಂದ್ರೆ ತಮಟೆ ತಂಡ. ಸಾವು, ಡಂಗೂರ, ಜಾತ್ರೆ ಯಾವುದಕ್ಕೇ ಕರೆದರೂ ಬಡೀಲೇಬೇಕಿತ್ತು. ಅದನ್ನ ಯಾರೂ ಕಲೆ ಅಂತ ಕರೀಲಿಲ್ಲ, ಬಿಟ್ಟಿ ಚಾಕರಿ ಅಷ್ಟೇ.

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅದೇ ತಮಟೆ ಹೋರಾಟದ ಮೆರವಣಿಗೆಗಳ ಮುಂದೆ ಬಂತು. ಆಮೇಲೆ ಓದಿದ ಹುಡುಗರು, ಹೆಣ್ಣುಮಕ್ಕಳು ತಂಡ ಸೇರಿದರು. ಚರ್ಮದ ತಮಟೆಯನ್ನ ಬೆಂಕಿಗೆ ಕಾಯಿಸಿ ಬಿಗಿ ಮಾಡಬೇಕು. ಫೈಬರ್ ತಮಟೆಗೆ ಅದು ಬೇಡ.

2023ರಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು.

ನಾನು ಕೇಳೋದಿಷ್ಟೇ: ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ವೇದಿಕೆಗಳ ಮುಂದೆ ಚಪ್ಪಾಳೆ ಹೊಡೆಯೋರು, ಊರಲ್ಲಿ ಸಾವಾದಾಗ ಕೇರಿಗೆ ಹೇಳಿಕಳಿಸೋದನ್ನೂ ನಿಲ್ಲಿಸಲಿ. ಕಲಾವಿದರನ್ನ ಸಂಭಾವನೆ ಕೊಟ್ಟು, ಮರ್ಯಾದೆಯಿಂದ ಕರೀರಿ.