ಗೂಡಲೂರಿನ ದೂರು, ಕುದುರೆಮುಖದ ತೀರ್ಪು

ವಸ್ತಾರೆಯ ತೋಟಗಳನ್ನು ದಾಟಿ, ಕಳಸದ ಮೂಲಕ ಕುದುರೆಮುಖಕ್ಕೆ ಹೋದವರು ಅಲ್ಲಿಯ ಬರಿದಾದ ಗಣಿ ಪಟ್ಟಣವನ್ನು ಕಂಡಿರುತ್ತೀರಿ. ಆ ಗಣಿಯನ್ನು ಮುಚ್ಚಿಸಿದ ಮೊಕದ್ದಮೆ ಹುಟ್ಟಿದ್ದು ಕರ್ನಾಟಕದ ಕಾಡಿಗಾಗಿ ಅಲ್ಲವೆಂದರೆ ಅಚ್ಚರಿಪಡುವಿರಿ.

1995ರಲ್ಲಿ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ ಎಂಬವರು ನೀಲಗಿರಿಯ ಗೂಡಲೂರಿನಲ್ಲಿ ನಡೆದಿದ್ದ ಮರಗಡಿತದ ವಿರುದ್ಧ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1996ರ ಡಿಸೆಂಬರ್ 12ರಂದು ನ್ಯಾಯಾಲಯವು, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡೆನಿಸಿದ್ದು ಕಾನೂನಿಗೂ ಕಾಡೇ ಎಂದಿತು. ಅಷ್ಟಕ್ಕೇ ಪ್ರಕರಣವನ್ನು ಮುಗಿಸದೆ, ದೇಶದ ಇತರ ಅರಣ್ಯಗಳ ಅಹವಾಲುಗಳನ್ನೂ ಅದರಲ್ಲಿಯೇ ಆಲಿಸತೊಡಗಿತು.

ಹೀಗೆ ತೆರೆದ ಬಾಗಿಲಿನಿಂದ 2001ರಲ್ಲಿ, ನಾಗರಹೊಳೆಯ ಮಾಜಿ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಅರ್ಜಿ ಒಳಬಂದಿತು. ಎದುರಾಳಿ ಸಾಮಾನ್ಯವಲ್ಲ, ಕೇಂದ್ರ ಸರ್ಕಾರದ್ದೇ ಆದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ! ಅದರ 30 ವರ್ಷಗಳ ಗುತ್ತಿಗೆ 1999ರಲ್ಲಿಯೇ ಮುಗಿದಿತ್ತು. ಗಣಿ ನಡೆದಿದ್ದುದು ತಾತ್ಕಾಲಿಕ ಅನುಮತಿಗಳ ಮೇಲೆ. 2002ರ ಅಕ್ಟೋಬರ್ 30ರ ತೀರ್ಪು 2005ರ ಕೊನೆಯವರೆಗೆ ಮಾತ್ರ ಅವಕಾಶವಿತ್ತಿತು.

ಗಣಿಯನ್ನೇ ನಂಬಿದ್ದ ಕುಟುಂಬಗಳು ಊರು ಬಿಟ್ಟವು. ಆ ನೋವನ್ನು ಅಲ್ಲಗಳೆಯಲಾಗದು. ಆದರೂ ಅವಧಿ ತೀರಿದ ಗುತ್ತಿಗೆ ಸರ್ಕಾರದ ಕಂಪನಿಗೂ ತೀರಿದ್ದೇ ಎಂಬುದು ಸ್ಪಷ್ಟವಾಯಿತು. ಗೋದವರ್ಮನ್ 2016ರಲ್ಲಿ, ಚಿಣ್ಣಪ್ಪನವರು 2024ರಲ್ಲಿ ತೀರಿಕೊಂಡರು. 1995ರ ಆ ಕಡತ ಮಾತ್ರ ಇನ್ನೂ ಮುಚ್ಚಿಲ್ಲ.